ಹನುಮವ್ವ ಕಲಿತ ಜರ್ಮನ್

ಬೊಮ್ಮಸಂದ್ರದ ಆ ಮಾತ್ರೆ ಕಾರ್ಖಾನೆಯಲ್ಲಿ ಮೂರನೇ ಲೈನಿನ ಮೆಷಿನ್ ಕೆಡುವುದು ಮೊದಲು ಗೊತ್ತಾಗುತ್ತಿದ್ದುದು ಹನುಮವ್ವನಿಗೆ. ಕಡೆಯಲ್ಲಿ ಕೇಳುತ್ತಿದ್ದುದೂ ಹನುಮವ್ವನನ್ನೇ. ಕಡೆಯಲ್ಲಿ ಅಂದರೆ ಎಲ್ಲ ಮುಗಿದ ಮೇಲೆ, "ನೀವೇನು ಒತ್ತಿದ್ರಿ ಅಕ್ಕ?" ಎಂದು.

ಹನ್ನೊಂದು ವರ್ಷದಿಂದ ಅವಳು ಅದೊಂದೇ ಮೆಷಿನ್ನಿನ ಮುಂದೆ ನಿಂತವಳು. ಪ್ಲಾಸ್ಟಿಕ್ ಹಾಳೆ ಬಿಸಿಯಾಗಿ ಗುಳಿ ಬಿದ್ದು ಮುಂದೆ ಸಾಗುತ್ತದೆ, ಗುಳಿಯೊಳಗೆ ಮಾತ್ರೆ ಉದುರುತ್ತದೆ, ಮೇಲೆ ಬೆಳ್ಳಿ ಬಣ್ಣದ ಹಾಳೆ ಅಂಟಿಕೊಂಡು, ಕತ್ತರಿಸಿ, ಹತ್ತು ಹತ್ತು ಮಾತ್ರೆಯ ಪಟ್ಟಿಯಾಗಿ ಹೊರಬೀಳುತ್ತದೆ. ಮೆಷಿನ್ ಜರ್ಮನಿಯದು. ಅಲ್ಲಿ ಯಾರೋ ಹದಿನೈದು ವರ್ಷ ದುಡಿಸಿಕೊಂಡು ಬಿಟ್ಟದ್ದನ್ನು ಇಲ್ಲಿಗೆ ತಂದದ್ದು. ಹಾಗಾಗಿ ಅದರ ಪರದೆಯ ಮೇಲೆ ಬರುವುದೆಲ್ಲ ಜರ್ಮನ್. ಹಸಿರು ದೀಪ ಕೆಂಪಾಯಿತೆಂದರೆ ಒಂದೇ ಒಂದು ಪದ ಮೂಡುತ್ತದೆ, ಪರದೆಯ ಈ ತುದಿಯಿಂದ ಆ ತುದಿಯವರೆಗೆ. ಅದನ್ನು ಇಂಗ್ಲಿಷಿಗೆ ಬದಲಿಸಿಕೊಡುತ್ತೇವೆ ಎಂದು ಮೂವರು ಎಂಜಿನಿಯರುಗಳು ಹೇಳಿದ್ದರು. ಮೂವರೂ ಕೆಲಸ ಬಿಟ್ಟು ಹೋದರು, ಪದ ಹಾಗೇ ಇತ್ತು.

ಈಗ ಆ ಜಾಗದಲ್ಲಿ ಇದ್ದವನು ದೀಪು. ಇಪ್ಪತ್ತಾರರ ಹುಡುಗ, ಕೆಟ್ಟವನಲ್ಲ, ಆದರೆ ಯಾವಾಗಲೂ ಅವಸರ. ಹೋದ ವರ್ಷ ಮಾರ್ಚಿನಲ್ಲಿ ಮೆಷಿನ್ ನಿಂತಾಗ ಹನುಮವ್ವ ಅವನಿಗೆ ಹೇಳಿದಳು, ಎಡಗಡೆ, ಹಾಳೆ ಎಳೆಯುವ ಲಿವರಿನ ಹತ್ತಿರ, ನಾಲ್ಕು ದಿನದಿಂದ ಒಂದು ಸಣ್ಣ ಕಿರುಗು ಕೇಳಿಸುತ್ತಿದೆ ಎಂದು. "ಅಕ್ಕ, ಒಂದ್ನಿಮಿಷ ಸುಮ್ನಿರಿ, ಜರ್ಮನಿಯವ್ರು ಲೈನಲ್ಲಿದಾರೆ" ಎಂದ ದೀಪು. ಕೈಯಲ್ಲಿ ಹಿಡಿದ ಟ್ಯಾಬಿನ ಪರದೆಯಲ್ಲಿ ಬಿಳಿ ಮೀಸೆಯ ಮುದುಕನೊಬ್ಬ ಕಾಣುತ್ತಿದ್ದ. ಅವನ ಹೆಸರು ಐಸೆಲೆ. ಮೆಷಿನ್ ಮಾಡಿದ ಕಂಪನಿಯಿಂದ ನಿವೃತ್ತನಾದವನು, ಆದರೆ ಈ ಹಳೇ ಮಾದರಿ ಬಲ್ಲವನು ಅವನೊಬ್ಬನೇ ಉಳಿದಿದ್ದರಿಂದ ಕಂಪನಿಯವರು ಅವನ ಮನೆಗೇ ಕರೆ ತಿರುಗಿಸುತ್ತಿದ್ದರು. ಅವನ ಇಂಗ್ಲಿಷ್ ಅವನಿಗಷ್ಟೇ. ಇಲ್ಲಿನ ಇಂಗ್ಲಿಷ್ ಇಲ್ಲಿಗಷ್ಟೇ. ಅರ್ಧ ಗಂಟೆ ನಾಲ್ಕು ಜನ "ಯೆಸ್ ಯೆಸ್" ಎಂದು ತಲೆಯಾಡಿಸಿದರು, ಕರೆ ಮುಗಿದ ಮೇಲೆ ನಾಲ್ವರೂ ಬೇರೆ ಬೇರೆ ಅರ್ಥ ಹೇಳಿದರು. ಬಿಸಿ ಮಾಡುವ ಪ್ಲೇಟು ಬದಲಾಯಿಸಿದರು. ಎರಡು ದಿನ ಹೋಯಿತು. ಮೆಷಿನ್ ಹೇಗೋ ತಾನಾಗಿ ಓಡಿತು, ಕಿರುಗು ಮಾತ್ರ ಹಾಗೇ ಉಳಿಯಿತು. ಮೀಟಿಂಗಿನಲ್ಲಿ, ಆಪರೇಟರುಗಳಿಗೆ ತರಬೇತಿ ಸಾಲದು ಎಂಬ ತೀರ್ಮಾನವಾಯಿತು.

ಆ ದಿನ ಸಂಜೆ ಬಸ್ಸಿನಲ್ಲಿ ಕೂತು ಹನುಮವ್ವ ಹಲ್ಲು ಕಚ್ಚಿದಳು. ಮುದುಕನಿಗೂ ಮೆಷಿನ್ನಿಗೂ ನಡುವೆ ಇವರೆಲ್ಲ ಯಾಕೆ ಬೇಕು, ತಾನೇ ಅವನ ಜೊತೆ ಮಾತಾಡಿದರೆ ಐದು ನಿಮಿಷದ ಕೆಲಸ. ಆದರೆ ಮಾತಾಡುವುದು ಹೇಗೆ?

ಅವಳು ಕುಷ್ಟಗಿ ಕಡೆಯವಳು. ಎಸ್ಸೆಸ್ಸೆಲ್ಸಿ ಪಾಸಾಗಿ, ಕೊಟ್ರಪ್ಪನನ್ನು ಮದುವೆಯಾಗಿ, ಇಬ್ಬರೂ ಕೂಡಿ ಚಂದಾಪುರಕ್ಕೆ ಬಂದವರು. ಕೊಟ್ರಪ್ಪ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಬಂದ ಹೊಸದರಲ್ಲಿ ಅವಳು "ಗಾಡಿ ನಿಂತೈತ್ರಿ" ಅಂದರೆ ಲೈನಿನ ಹುಡುಗಿಯರು ಅದನ್ನೇ ಎಳೆದೆಳೆದು ಆಡಿ ನಗುತ್ತಿದ್ದರು. ಒಂದು ವರ್ಷದಲ್ಲಿ ಅವಳು "ನಿಂತೋಗಿದೆ ಸಾರ್" ಎನ್ನುವುದನ್ನು ಕಲಿತಳು, ಕಾರ್ಖಾನೆಗೊಂದು ನಾಲಿಗೆ, ಮನೆಗೊಂದು ನಾಲಿಗೆ. ಒಂದು ಭಾಷೆಯೊಳಗೇ ಎರಡು ಕಲಿತವಳಿಗೆ ಇನ್ನೊಂದು ಕಷ್ಟವೇ ಎಂದು ಅವಳ ಲೆಕ್ಕ.

ಚಂದಾಪುರದಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ನಿವೇದಿತಾ ಎನ್ನುವವರು ಜರ್ಮನ್ ಹೇಳಿಕೊಡುತ್ತಿದ್ದರು. ಅಲ್ಲಿಗೆ ಬರುವವರೆಲ್ಲ ನರ್ಸುಗಳು. ಜರ್ಮನಿಯಲ್ಲಿ ನರ್ಸುಗಳಿಗೆ ಕೆಲಸ ಸಿಗುತ್ತದೆಂದು ಪುಸ್ತಕದಲ್ಲಿ ಮುಖ ಹುದುಗಿಸಿ ಓದುವ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿಯರು. ಅವರ ನಡುವೆ ಮೂವತ್ತೆಂಟರ ಹನುಮವ್ವ, ಶಿಫ್ಟು ಮುಗಿಸಿ ಬಂದು, ನಿದ್ದೆಗೆ ಕಣ್ಣು ಜಗ್ಗುತ್ತ. ಮೊದಲ ವಾರವೇ ಅವಳ ತಾಳ್ಮೆ ತಪ್ಪಿತು. ಆ ಭಾಷೆಯಲ್ಲಿ ಚಮಚ ಗಂಡು, ಮುಳ್ಳುಚಮಚ ಹೆಣ್ಣು, ಚಾಕು ಎರಡೂ ಅಲ್ಲ. ಯಾಕೆ ಎಂದು ಕೇಳಿದಳು. ಯಾಕೆ ಅಂತ ಇಲ್ಲ, ಬಾಯಿಪಾಠ ಮಾಡಬೇಕು ಎಂದರು ನಿವೇದಿತಾ. ಎರಡನೇ ವಾರ ಅಂಕಿಗಳು. ಇಪ್ಪತ್ತೊಂದು ಎನ್ನಲು ಮೊದಲು ಒಂದು ಹೇಳಿ ಆಮೇಲೆ ಇಪ್ಪತ್ತು ಹೇಳಬೇಕು. ಹನುಮವ್ವ ಪುಸ್ತಕ ಮುಚ್ಚಿಟ್ಟಳು.

ಅವಳಿಗೆ ಓದಿದ್ದು ತಲೆಗೆ ಹತ್ತದು, ಕೇಳಿದ್ದು ಬಿಡದು ಎಂಬುದನ್ನು ನಿವೇದಿತಾ ಗಮನಿಸಿದ್ದರು. "ಹನುಮವ್ವ ಅವ್ರೇ, ನೀವು ಹಾಡು ಕೇಳಿ. ದಿನಾ ಅರ್ಧ ಗಂಟೆ. ಅರ್ಥ ಆಗ್ದಿದ್ರೂ ಪರವಾಗಿಲ್ಲ, ಕಿವಿ ಪಳಗುತ್ತೆ" ಎಂದರು. ಯಾವ ಹಾಡು ಎಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಮುಂದಿನದಕ್ಕೆಲ್ಲ ಕಾರಣವಾದದ್ದು ಅದೇ.

ಮೆಷಿನ್ನಿನ ಮಗ್ಗುಲಲ್ಲಿ ಹಿತ್ತಾಳೆ ಪಟ್ಟಿಯೊಂದಿತ್ತು, ಅದರ ಮೇಲೆ ಮೆಷಿನ್ ತಯಾರಾದ ಊರಿನ ಹೆಸರು. ಮಾತಾಡಬೇಕಾದ್ದು ಆ ಊರಿನವನ ಜೊತೆ ತಾನೇ ಎಂದು ಹನುಮವ್ವ ಆ ಹೆಸರನ್ನೇ ಫೋನಿನಲ್ಲಿ ಬರೆದು, ಪಕ್ಕದಲ್ಲಿ ಹಾಡು ಎಂದು ಸೇರಿಸಿದಳು. ಹಸಿರು ಜಾಕೀಟಿನ ದಪ್ಪ ಮನುಷ್ಯನೊಬ್ಬ ಬಂದ. ಹಾರ್ಮೋನಿಯಂ ಅನ್ನು ಎದೆಗೆ ಕಟ್ಟಿಕೊಂಡಂಥ ವಾದ್ಯ ನುಡಿಸುತ್ತ, ಊಟದ ಮೇಜಿನ ಸುತ್ತ ಕೂತವರಿಗೆ ಹಾಡುತ್ತಿದ್ದ. ದನಿ ಚೆನ್ನಾಗಿತ್ತು. ಒಂದಲ್ಲ, ಅವನ ಹನ್ನೆರಡು ಹಾಡು ಸಿಕ್ಕವು.

ಮೆಟ್ರೋ ಬೊಮ್ಮಸಂದ್ರಕ್ಕೆ ಬಂದಿತ್ತು, ಆದರೆ ಚಂದಾಪುರದ ಕಡೆಯಿಂದ ಬರುವವರಿಗೆ ಅದರಿಂದ ಏನೂ ಆಗಲಿಲ್ಲ. ಕಂಪನಿ ಬಸ್ಸು ನಾಲ್ಕು ಕಿಲೋಮೀಟರಿಗೆ ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಆ ನಲವತ್ತು ನಿಮಿಷ ಹನುಮವ್ವನ ಶಾಲೆ. ಇಯರ್‌ಫೋನಿನ ಬಲಗಿವಿ ಸತ್ತಿತ್ತು, ಎಡಗಿವಿಯಲ್ಲಿ ದಪ್ಪ ಮನುಷ್ಯ ಹಾಡುತ್ತಿದ್ದ, ಬಲಗಿವಿಗೆ ಹೊಸೂರು ರಸ್ತೆಯ ಹಾರನ್ನು. ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಗೆರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ವೀಡಿಯೊದ ಚಿತ್ರ ನೋಡಿ, ಫೋನಿಗೆ ಕೇಳಿಸಿ, ಅರ್ಥ ಹುಡುಕುತ್ತಿದ್ದಳು.

ಅಲ್ಲಿಂದ ಶುರುವಾಯಿತು ರೇಜಿಗೆ. ಹಾಡಿನಲ್ಲಿದ್ದ ಪದ ಪುಸ್ತಕದಲ್ಲಿ ಇಲ್ಲ. ಅಲ್ಲ ಎನ್ನುವುದಕ್ಕೆ ಅವನು "ನೆಟ್" ಎನ್ನುತ್ತಾನೆ. ಪಾಠದಲ್ಲಿ ಅದು "ನಿಶ್ಟ್". ನಾನು ಎನ್ನಲು ಪಾಠದಲ್ಲಿ "ಇಶ್", ಇವನು ಬರೀ "ಇ" ಎಂದು ಮುಂದಕ್ಕೆ ಹೋಗಿಬಿಡುತ್ತಾನೆ. ಪುಟ್ಟದ್ದು ಯಾವುದಕ್ಕಾದರೂ ಬಾಲಕ್ಕೆ "ಲೆ" ಹಚ್ಚುತ್ತಾನೆ. ಫೋನು ಅವನ ಮಾತನ್ನು ಒಂದು ದಿನ ದೋಸೆ ಎಂದಿತು, ಮರುದಿನ ವಕೀಲ ಎಂದಿತು. ಹನುಮವ್ವ ತಪ್ಪು ತನ್ನ ಕಿವಿಯದೇ ಎಂದುಕೊಂಡಳು. ಒಂದೇ ಹಾಡನ್ನು ನಲವತ್ತು ಸಲ ಕೇಳಿದಳು. ನಲವತ್ತೊಂದನೇ ಸಲವೂ ಅವನು ನೆಟ್ ಎಂದೇ ಹಾಡಿದ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು, ಯಾರನ್ನು ಬೈಯುತ್ತಿದ್ದೀಯ ಎಂದು ಕೇಳಿದಳಂತೆ.

ಮನೆಯಲ್ಲಿ ರೊಟ್ಟಿ ತಟ್ಟುವಾಗಲೂ ಅದೇ ಹಾಡು. ಕೊಟ್ರಪ್ಪ ಮೊದಲು ಸುಮ್ಮನಿದ್ದ, ಆಮೇಲೆ ಗೊಣಗಿದ, ಒಂದು ದಿನ ಕೂಗಿಯೇ ಬಿಟ್ಟ. ಟ್ಯಾಂಕರಿಗೆ ನೀರು ತುಂಬಿಸುವಾಗ ತನಗೇ ಗೊತ್ತಿಲ್ಲದೆ ಆ ಹಾಡು ಬಾಯಿಗೆ ಬಂದು, ಬೋರ್‌ವೆಲ್ಲಿನವರು ನಕ್ಕರಂತೆ. "ನೀ ಕಲಿ, ಬ್ಯಾಡ ಅನ್ನಂಗಿಲ್ಲ. ನನಗ್ಯಾಕ ಕಲಸ್ತಿ?" ಎಂದ.

ಮನೆಯ ಓನರು ಲಕ್ಷ್ಮಮ್ಮನದು ಇನ್ನೊಂದು ಕತೆ. ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಮನೆಯವರು, ಈಗ ಎಂಟು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. "ಅದ್ಯಾವ ದ್ಯಾವ್ರ ಪದ ಕಣಮ್ಮಿ, ದಿನಾ ಏಳ್ತೀಯಲ್ಲ?" ಎಂದು ಕೇಳಿದರು. ದೇವರದಲ್ಲ, ಈ ವಾರ ಮೆಟ್ಟಿಲು ಗುಡಿಸುವ ಸರದಿ ಯಾರದು ಎಂದು ಮನೆಯವರೆಲ್ಲ ಜಗಳವಾಡುವ ಹಾಡು ಎಂದು ಹನುಮವ್ವ ಹೇಳಿದಳು. ಲಕ್ಷ್ಮಮ್ಮ ನಗಲಿಲ್ಲ. ಅಲ್ಲಿ ಸರದಿ ಹೇಗೆ ಹಂಚುತ್ತಾರೆ ಎಂದು ವಿಚಾರಿಸಿದರು. ಮುಂದಿನ ತಿಂಗಳಿಂದ ಎಂಟೂ ಮನೆಯವರು ವಾರಕ್ಕೊಬ್ಬರಂತೆ ಮೆಟ್ಟಿಲು ಗುಡಿಸಬೇಕೆಂದು ಹುಕುಂ ಆಯಿತು. ಬಾಡಿಗೆಯವರೆಲ್ಲ ಹನುಮವ್ವನ ಮೇಲೆ ಹರಿಹಾಯ್ದರು.

ನಾಲ್ಕು ತಿಂಗಳಾದ ಮೇಲೆ ನಿವೇದಿತಾ ತರಗತಿಯಲ್ಲಿ ಒಬ್ಬೊಬ್ಬರನ್ನೇ ಮಾತಾಡಿಸಿದರು. ನಾಳೆ ಸಿನಿಮಾಕ್ಕೆ ಬರುತ್ತೀರಾ ಎಂಬುದು ಪ್ರಶ್ನೆ. ಹನುಮವ್ವನಿಗೆ ಉತ್ತರ ಹುಡುಕಬೇಕಾಗಿಯೇ ಇರಲಿಲ್ಲ, ಹಾಡಿನಲ್ಲೇ ಇತ್ತು. ತನಗೆ ಪುರುಸೊತ್ತಿಲ್ಲ ಎನ್ನಲು, "ಇ ಹಾನ್ ಕೋಯ್ ಟ್ಸೈಟ್" ಎಂದಳು, ಸಲೀಸಾಗಿ, ಕೈ ಬೀಸಿ. ನರ್ಸುಗಳು ಪುಸ್ತಕದಿಂದ ತಲೆಯೆತ್ತಿದರು. ನಿವೇದಿತಾ ಇನ್ನೊಂದು ಪ್ರಶ್ನೆ ಕೇಳಿದರು, ಮತ್ತೊಂದು ಕೇಳಿದರು. ಆಮೇಲೆ ಎರಡೂ ಕೈಯಲ್ಲಿ ಹಣೆ ಹಿಡಿದುಕೊಂಡು, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದರು. ಹನುಮವ್ವ ಫೋನಿನಲ್ಲಿ ದಪ್ಪ ಮನುಷ್ಯನನ್ನು ತೋರಿಸಿದಳು.

"ಅಯ್ಯೋ, ಹನುಮವ್ವ ಅವ್ರೇ, ಇದು ಅಲ್ಲಿ ದಕ್ಷಿಣದ ಕಡೆ ಹಳ್ಳಿ ಮಾತು. ಪರೀಕ್ಷೇಲಿ ಇದಕ್ಕೆ ಸೊನ್ನೆ. ಬರ್ಲಿನ್ನವ್ರಿಗೇ ಇದು ಸರಿಯಾಗಿ ಅರ್ಥ ಆಗಲ್ಲ."

"ಹಳ್ಳಿ ಮಾತಂದ್ರ ಮಾತಲ್ಲೇನ್ರೀ ಮೇಡಂ?"

ನಿವೇದಿತಾ ಹಾಗಲ್ಲ ಹಾಗಲ್ಲ ಎಂದು ಸಮಾಧಾನ ಹೇಳಿದರು. ಮೊದಲು ಶಿಷ್ಟ ಭಾಷೆ ಕಲಿಯಬೇಕು, ಆಮೇಲೆ ಏನು ಬೇಕಾದರೂ. ಹನುಮವ್ವನಿಗೆ ಅದಾವುದೂ ಕಿವಿಗೆ ಹೋಗಲಿಲ್ಲ. ನಾಲ್ಕು ತಿಂಗಳು, ದಿನಕ್ಕೆ ಎಂಬತ್ತು ನಿಮಿಷ, ಒಂದು ಕಿವಿಯಲ್ಲಿ. ಕುಷ್ಟಗಿಯ ನಾಲಿಗೆಯನ್ನು ತಿದ್ದಿಕೊಳ್ಳಲು ಒಂದು ವರ್ಷ ಹಿಡಿದಿತ್ತು. ಈಗ ಜರ್ಮನಿಯಲ್ಲೂ ಒಂದು ಕುಷ್ಟಗಿ ಹುಡುಕಿಕೊಂಡು ಹೋಗಿ, ಅಲ್ಲಿನ ಮಾತನ್ನೇ ಕಲಿತು ಬಂದಂತಾಗಿತ್ತು. ತನ್ನ ಹಣೆಬರಹಕ್ಕೆ ಯಾರನ್ನು ಬೈಯುವುದೆಂದು ತಿಳಿಯದೆ, ಆ ದಿನ ಮನೆಗೆ ಬಂದು ಗೆರೆ ಪುಸ್ತಕವನ್ನು ಅಟ್ಟಕ್ಕೆಸೆದಳು.

ನಿವೇದಿತಾ ಬೇರೆ ಹಾಡುಗಳ ಪಟ್ಟಿ ಕಳಿಸಿದರು. ಮಕ್ಕಳಿಗೆ ಹಲ್ಲುಜ್ಜುವುದು, ಬಣ್ಣದ ಹೆಸರು ಹೇಳಿಕೊಡುವ ಹಾಡುಗಳು, ಒಂದೊಂದು ಪದವೂ ತೊಳೆದಿಟ್ಟಂತೆ ಸ್ವಚ್ಛ. ಹನುಮವ್ವ ಎರಡು ವಾರ ಕೇಳಿದಳು. ಉಪ್ಪು ಖಾರ ಇಲ್ಲದ ಆಸ್ಪತ್ರೆ ಗಂಜಿ ಎಂದಳು. ತರಗತಿಗೆ ಹೋಗುವುದನ್ನೂ ಬಿಟ್ಟಳು.

ಜನವರಿಯಲ್ಲಿ ಮೆಷಿನ್ ಮತ್ತೆ ನಿಂತಿತು. ಈ ಸಲ ಪೂರ್ತಿ. ಮುಗಿಸಿ ಕಳಿಸಬೇಕಾದ ದೊಡ್ಡ ಆರ್ಡರ್ ಇತ್ತು, ಪ್ಲಾಂಟಿನ ಮೇಲಧಿಕಾರಿಯೂ ಬಂದು ನಿಂತಿದ್ದರು. ಬೆಳಿಗ್ಗೆ ಹನ್ನೊಂದರಿಂದ ಕಾದು, ಆ ಕಡೆ ಬೆಳಗಾದ ಮೇಲೆ ದೀಪು ಟ್ಯಾಬ್ ಹಿಡಿದು ಕರೆ ಮಾಡಿದ. ಐಸೆಲೆ ತನ್ನ ಅಡುಗೆಮನೆಯಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದ. ಮತ್ತದೇ ಇಂಗ್ಲಿಷು, ಮತ್ತದೇ ಯೆಸ್ ಯೆಸ್. ಬಿಸಿ ಪ್ಲೇಟು ಇನ್ನೊಮ್ಮೆ ಬದಲಾಯಿಸೋಣವೇ ಎಂದು ದೀಪು ಮೂರು ಸಲ ಕೇಳಿದ. ಮುದುಕನಿಗೂ ಸಾಕಾಗಿತ್ತು. ಪಕ್ಕಕ್ಕೆ ತಿರುಗಿ, ಪರದೆಯಲ್ಲಿ ಕಾಣದ ಯಾರಿಗೋ, ಪ್ರಾಯಶಃ ಹೆಂಡತಿಗೆ, ಸಿಟ್ಟಿನಿಂದ ಏನೋ ಗೊಣಗಿದ.

ಹಿಂದೆ ನಿಂತಿದ್ದ ಹನುಮವ್ವನಿಗೆ ಅದು ಕೇಳಿಸಿತು. ಕೇಳಿಸಿದ್ದಷ್ಟೇ ಅಲ್ಲ, ತಿಳಿಯಿತು. ಬಿಸಿಯದು ನೆಟ್, ಅಂದರೆ ಅಲ್ಲ. ಅದು ಫೇಡರ್ಲೆ. ದಪ್ಪ ಮನುಷ್ಯನ ಏಳನೇ ಹಾಡಿನಲ್ಲಿ ಹುಡುಗಿಯೊಬ್ಬಳು ಟೋಪಿಗೆ ಸಿಕ್ಕಿಸಿಕೊಳ್ಳುವುದು ಅದನ್ನೇ. ಫೇಡರ್ಲೆ ಅಂದರೆ ಪುಟ್ಟ ಪುಕ್ಕ.

ತಿಳಿದದ್ದಕ್ಕೆ ಸಂತೋಷಪಡುವಷ್ಟರಲ್ಲೇ ಅವಳಿಗೆ ರೇಗಿತು. ಮೆಷಿನ್ನಿನೊಳಗೆ ಪುಕ್ಕ ಎಲ್ಲಿಂದ ಬರಬೇಕು? ದೀಪು ಟ್ಯಾಬನ್ನು ತಿರುಗಿಸುವಷ್ಟರಲ್ಲಿ ಅವಳು ಅವನ ಭುಜದ ಮೇಲಿಂದ ಬಗ್ಗಿ, ಯಾವ ಪುಕ್ಕ ಎಂದು ಕೇಳಿಬಿಟ್ಟಳು, ದಪ್ಪ ಮನುಷ್ಯನ ಮಾತಿನಲ್ಲೇ.

ಮುದುಕನ ಕೈಯಲ್ಲಿದ್ದ ಬ್ರೆಡ್ಡು ಹಾಗೇ ನಿಂತಿತು. ಅಲ್ಲಿ ಮಾತಾಡುತ್ತಿರುವುದು ಯಾರು ಎಂದು ಅವನು ಕೇಳಿದ. ತಲೆಯಿಂದ ಕಾಲವರೆಗೆ ಬಿಳಿ ಬಟ್ಟೆ, ಟೋಪಿ, ಮಾಸ್ಕು ತೊಟ್ಟು ಕಣ್ಣು ಮಾತ್ರ ಕಾಣುತ್ತಿದ್ದ ಹನುಮವ್ವ ಮುಂದೆ ಬಂದು, "ಇ. ದ್ ಹನುಮವ್ವ" ಎಂದಳು. ಹೆಸರಿಗೂ ಮುಂದೆ ಒಂದು ಅಕ್ಷರ ಅಂಟಿಸಬೇಕೆಂದು ಹಾಡಿನಿಂದಲೇ ಕಲಿತದ್ದು.

ಐಸೆಲೆ ಒಂದೇ ಉಸಿರಿಗೆ ಶುರುಮಾಡಿದ. ವರ್ಷಗಟ್ಟಲೆ ಇಂಗ್ಲಿಷಿನಲ್ಲಿ ಹೇಳಲಾಗದೆ ಉಳಿದದ್ದೆಲ್ಲ ಹೊರಗೆ ಬಂದಿರಬೇಕು. ಹನುಮವ್ವನಿಗೆ ಮೂರರಲ್ಲಿ ಒಂದು ಪದ ಸಿಕ್ಕಿತು, ಉಳಿದ ಎರಡು ಹಾಡಿನಲ್ಲಿ ಇರಲಿಲ್ಲ. ನಿಧಾನ ಎನ್ನಲು "ಲಾಂಗ್ಸಾಮ್" ಎಂದಳು. ಅವನು ಇನ್ನಷ್ಟು ಜೋರಾಗಿ ಹೋದ. ಅವಳಿಗೂ ತಡೆಯಲಾಗಲಿಲ್ಲ. "ಲಾಂಗ್ಸಾಮ್ ಅಂದ್ನೆಪಾ, ತಿಳಿಯಂಗಿಲ್ಲೇನ್ ನಿನಗ?" ಎಂದು ಗದರಿದಳು. ಕುಷ್ಟಗಿ ಮಾತು ಅವನಿಗೆ ಹೇಗೆ ತಿಳಿಯಬೇಕು, ಆದರೆ ದನಿ ತಿಳಿಯಿತು. ಸುಮ್ಮನಾದ.

ಆಮೇಲೆ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿಕೊಂಡು, ತಿರುಗಿಸಿ ಬಿಚ್ಚಿ, ಅದರೊಳಗಿನ ಸಣ್ಣ ಸ್ಪ್ರಿಂಗನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದ. ಫೇಡರ್ಲೆ. ಅವರಲ್ಲಿ ಪುಕ್ಕಕ್ಕೂ ಸ್ಪ್ರಿಂಗಿಗೂ ಒಂದೇ ಹೆಸರು. ಎಲ್ಲಿ ಎಂದು ಅವಳು ಕೇಳಿದಳು. ಎಡಗಡೆ, ಹಾಳೆ ಎಳೆಯುವ ಲಿವರಿನ ಹಿಂದೆ ಎಂದು ಅವನು ಕೈಯಾಡಿಸಿ ತೋರಿಸಿದ.

ಹನುಮವ್ವ ಟ್ಯಾಬ್ ಬಿಟ್ಟು ದೀಪುವಿನ ಕಡೆ ತಿರುಗಿದಳು. "ಹೋದ ಮಾರ್ಚಿನಾಗ ನಾ ನಿಮಗ ಏನ್ ಹೇಳಿದ್ದೆ ಸಾರ್?" ಸಿಟ್ಟಿನಲ್ಲಿ ಕಾರ್ಖಾನೆಯ ನಾಲಿಗೆ ಮರೆತುಹೋಗಿತ್ತು. ದೀಪು ತಾನೇ ಮೊಣಕಾಲೂರಿ ಮುಚ್ಚಳ ಬಿಚ್ಚಿದ. ಲಿವರಿನ ಹಿಂದೆ ಕಿರುಬೆರಳುದ್ದದ ಸ್ಪ್ರಿಂಗು ಎರಡು ತುಂಡಾಗಿ ಬಿದ್ದಿತ್ತು. ಪಕ್ಕದ ರಸ್ತೆಯ ವರ್ಕ್‌ಶಾಪಿನಲ್ಲಿ ಅಂಥದ್ದೇ ಒಂದನ್ನು ಮಾಡಿಸಿ ತಂದು ಹಾಕಿದರು. ಸಂಜೆ ಐದಕ್ಕೆ ಮೆಷಿನ್ ಓಡಿತು.

ಕತೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಹನುಮವ್ವನ ನಿಜವಾದ ತಲೆನೋವು ಶುರುವಾದದ್ದು ಆಮೇಲೆ. ಮುಂದಿನ ಸಲ ಕರೆ ಮಾಡಿದಾಗ ಐಸೆಲೆ ಬೇರೆ ಯಾರ ಜೊತೆಗೂ ಮಾತಾಡಲು ಒಪ್ಪಲಿಲ್ಲ, ಹನುಮವ್ವ ಎಲ್ಲಿ ಎಂದ. ವಾರದ ರಜೆಯ ದಿನ ಬಟ್ಟೆ ಒಗೆಯುವಾಗಲೂ ದೀಪುವಿನ ಫೋನು. ಒಂದು ದಿನ ಆಫೀಸಿನವರು ಜರ್ಮನಿಯಿಂದ ಬಂದ ಎರಡು ಪುಟದ ಪತ್ರ ತಂದು, ಓದಿ ಹೇಳಿ ಎಂದು ಮುಂದೆ ಇಟ್ಟರು. ಅದು ಬರಹದ ಭಾಷೆ, ಅವಳಿಗೆ ತಿಳಿದ ಒಂದು ಪದವೂ ಅದರಲ್ಲಿರಲಿಲ್ಲ. ಜರ್ಮನ್ ಬರುತ್ತೆ ಅಂದಿದ್ರಲ್ಲ ಎಂದು ಅವರು ಮುಖ ಸೊಟ್ಟ ಮಾಡಿದರು. ಬರುತ್ತೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಅವಳನ್ನು ಆಪರೇಟರ್ ಕೆಲಸದಿಂದ ಮೇಂಟೆನೆನ್ಸ್ ವಿಭಾಗಕ್ಕೆ ತೆಗೆದುಕೊಳ್ಳಬೇಕೆಂದು ದೀಪು ಬರೆದುಕೊಟ್ಟ. ಅವನು ಆ ಮಟ್ಟಿಗೆ ನ್ಯಾಯಸ್ಥ. ಆದರೆ ಭಾಷೆ ಬರುತ್ತದೆ ಎನ್ನಲು ಸರ್ಟಿಫಿಕೇಟು ಬೇಕು ಎಂದಿತು ಆಫೀಸು.

ಹೀಗೆ ಹನುಮವ್ವ ಮತ್ತೆ ಬೇಕರಿಯ ಮೇಲಿನ ಕೋಣೆಯ ಮೆಟ್ಟಿಲು ಹತ್ತಿದಳು. ನಿವೇದಿತಾ ಹಿಂದಿನದನ್ನು ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಹಲ್ಲುಜ್ಜುವ ಹಾಡು, ಬಣ್ಣದ ಹಾಡು, ವಾರದ ದಿನಗಳ ಹಾಡು ಎಲ್ಲವನ್ನೂ ಮುಖ ಕಿವುಚಿಕೊಂಡು ಕೇಳಿದಳು. "ಇ" ಎಂದು ಬಾಯಿಗೆ ಬಂದಾಗಲೆಲ್ಲ ನಿವೇದಿತಾ ಮೇಜು ಕುಟ್ಟುತ್ತಿದ್ದರು. ಆರು ತಿಂಗಳು ಕಳೆದು ಪರೀಕ್ಷೆ ಬರೆದಳು. ಪಾಸಾಗಲು ಅರವತ್ತು ಬೇಕು, ಅರವತ್ಮೂರು ಬಂತು. ಚಾಕು ಗಂಡೋ ಹೆಣ್ಣೋ ಎಂಬಲ್ಲಿ ಆಗಲೂ ತಪ್ಪಿದಳು.

ಈಗ ಅವಳು ಮೇಂಟೆನೆನ್ಸಿನ ನೀಲಿ ಕೋಟು ತೊಡುತ್ತಾಳೆ. ಹೋದ ತಿಂಗಳು ಐಸೆಲೆಗೆ ಕರೆ ಮಾಡಿದಾಗ, ಕಷ್ಟಪಟ್ಟು ಕಲಿತ ಶಿಷ್ಟ ಭಾಷೆಯಲ್ಲಿ ನಮಸ್ಕಾರ ಹೇಳಿ, ಮೆಷಿನ್ನಿನ ತೊಂದರೆಯನ್ನು ನಾಲ್ಕು ಪೂರ್ಣ ವಾಕ್ಯಗಳಲ್ಲಿ ವಿವರಿಸಿದಳು. ಮುದುಕ ಕೊನೆಯವರೆಗೂ ಕೇಳಿದ. ಅವನ ಮುಖ ಇಳಿದಿತ್ತು. ಏನಾಯಿತು ನಿನಗೆ, ಟೀವಿಯವರ ಥರ ಮಾತಾಡುತ್ತಿದ್ದೀಯ ಎಂದ.

ಹನುಮವ್ವ ಟ್ಯಾಬನ್ನು ದೀಪುವಿನ ಕೈಗೆ ಕೊಟ್ಟಳು. "ಆಫೀಸಿನವ್ರಿಗೆ ಹಳ್ಳಿ ಮಾತು ಬ್ಯಾಡ, ಈ ಮುದುಕಗ ಪರೀಕ್ಷೆ ಮಾತು ಬ್ಯಾಡ. ನೀವ ಮಾತಾಡ್ರಿ" ಎಂದು ಸ್ಪ್ಯಾನರ್ ತೆಗೆದುಕೊಂಡು ಮೆಷಿನ್ನಿನ ಹಿಂದಕ್ಕೆ ಹೋದಳು. ದೀಪು ಇಂಗ್ಲಿಷಿನಲ್ಲಿ ಶುರುಮಾಡಿದ. ಎರಡು ನಿಮಿಷ ಯೆಸ್ ಯೆಸ್ ಕೇಳಿಸಿಕೊಂಡು, ತಾಳಲಾರದೆ ಅವಳೇ ವಾಪಸು ಬಂದು ಟ್ಯಾಬ್ ಕಿತ್ತುಕೊಂಡಳು.